ದುರ್ಯೋಧನನ ಛಲಕ್ಕೆ ಸಿಳ್ಳೆ, ಕಣ್ಣೀರಿಗೆ ಖಾಲಿ ಕುರ್ಚಿ

ನಮ್ಮ ಕಡೆ ಒಂದು ಮಾತು ಚಾಲ್ತಿಯಲ್ಲಿದೆ. ಕುರುಕ್ಷೇತ್ರ ನಾಟಕ ಅಂದರೆ ದ್ವೇಷದ ಕಥೆ, ದ್ವೇಷ ತೆಗೆದರೆ ನಾಟಕವೇ ಇಲ್ಲ ಅನ್ನುವುದು. ಪಾತ್ರ ಮಾಡುವವರು ಹೇಳುತ್ತಾರೆ, ಕೆಲವು ನಾಟಕದ ಮೇಷ್ಟ್ರುಗಳೂ ಹೇಳುತ್ತಾರೆ. ಉದ್ಘಾಟನೆಗೆ ಬಂದ ಲೀಡರ್‌ಗಳು ಮೈಕ್ ಹಿಡಿದು, "ಗಂಡ್ಸು ಅಂದ್ಮೇಲೆ ದುರ್ಯೋಧನನ್ ಥರ ಛಲ ಇರ್ಬೇಕು ಕಣ್ರಪ್ಪಾ" ಅಂತ ಹುಡುಗರಿಗೆ ಬುದ್ಧಿ ಹೇಳಿ, ಹಾರ ಹಾಕಿಸಿಕೊಂಡು, ಕಾರು ಹತ್ತಿ ಹೋಗುತ್ತಾರೆ.

ಈ ಮಾತು ತಪ್ಪು. ತಪ್ಪು ಅಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ಇದು ನಮ್ಮ ಊರುಗಳನ್ನು ಹಾಳು ಮಾಡುತ್ತಿರುವ ಮಾತು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ವಾದ ಇಷ್ಟು. ಕುರುಕ್ಷೇತ್ರದಲ್ಲಿ ದ್ವೇಷ ಕೊಲ್ಲುತ್ತದೆ, ನಿಜ. ಆದರೆ ನಮ್ಮನ್ನು ಅಳಿಸುವುದು ಪ್ರೀತಿ. ದ್ವೇಷ ಮಾತ್ರ ಇದ್ದರೆ ಅದು ಪೊಲೀಸ್ ಸ್ಟೇಷನ್ನಿನಲ್ಲಿ ಬರೆಯುವ ಎಫ್‌ಐಆರ್ ಆಗುತ್ತಿತ್ತು, ನಾಟಕ ಆಗುತ್ತಿರಲಿಲ್ಲ. ಸತ್ತವರನ್ನು ಯಾರೋ ಪ್ರೀತಿಸಿದ್ದರು ಅಂತ ಗೊತ್ತಾದಾಗಲೇ ಸಾವು ದುರಂತ ಆಗುವುದು.

ಒಂದು ರಾತ್ರಿಯ ಲೆಕ್ಕ

ಮಾಕಳಿದುರ್ಗದ ಬೆಟ್ಟದ ಸುತ್ತ, ತೂಬಗೆರೆ ಕಡೆ, ಘಾಟಿ ಕಡೆ, ಸುಗ್ಗಿ ಮುಗಿದು ಜಾತ್ರೆಗಳು ಶುರುವಾದರೆ ನಾಟಕದ ಫ್ಲೆಕ್ಸ್‌ಗಳು ಏಳುತ್ತವೆ. ಕಿರೀಟ ಇಟ್ಟುಕೊಂಡ ನಮ್ಮೂರಿನವರೇ ಗದೆ ಹಿಡಿದು ನಿಂತಿರುತ್ತಾರೆ. ಹಾಲಿನ ಡೇರಿ ಕಾರ್ಯದರ್ಶಿ ಭೀಮ, ಆಟೋ ಓಡಿಸುವವರು ಶಕುನಿ, ಮಗ್ಗ ನಡೆಸುವವರು ಕರ್ಣ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಬಂದು ರಾತ್ರಿ ಹೊತ್ತು ಪ್ರಾಕ್ಟೀಸ್ ಮಾಡಿಸಿರುತ್ತಾರೆ. ಪಾತ್ರಕ್ಕೆ ಇಷ್ಟು ಅಂತ ದುಡ್ಡು. ದುರ್ಯೋಧನನ ಪಾತ್ರಕ್ಕೆ ಜಾಸ್ತಿ. ಒಬ್ಬರಿಗೆ ಅಷ್ಟು ದುಡ್ಡು ಕಷ್ಟ, ಅಷ್ಟು ಹಾಡು ಇನ್ನೂ ಕಷ್ಟ. ಅದಕ್ಕೆ ಒಂದನೇ ದುರ್ಯೋಧನ, ಎರಡನೇ ದುರ್ಯೋಧನ ಅಂತ ಭಾಗ ಮಾಡಿಕೊಳ್ಳುತ್ತಾರೆ. ಕೆಲವು ಊರುಗಳಲ್ಲಿ ಮೂರನೆಯವನೂ ಇರುತ್ತಾನೆ.

ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಇಡೀ ದಿನ ಮೈಮುರಿದು ದುಡಿದು, ರಾತ್ರಿ ಕೂತು ಹಳೆಗನ್ನಡದ ವಾಸನೆ ಇರುವ ಮಾತುಗಳನ್ನು ಬಾಯಿಪಾಠ ಮಾಡುವ ಜನ ಯಾವ ಊರಲ್ಲಿ ಇದ್ದರೂ ಆ ಊರಿಗೆ ಗೌರವ.

ನನ್ನ ತಕರಾರು ನಾಟಕದ ಮೇಲೆ ಅಲ್ಲ, ನಾವು ನೋಡುವ ರೀತಿಯ ಮೇಲೆ. ಬ್ಯಾನರಿನಲ್ಲಿ ರಾತ್ರಿ ಎಂಟು ಗಂಟೆ ಅಂತ ಇರುತ್ತದೆ. ಪರದೆ ಏಳುವಾಗ ಹತ್ತೂವರೆ. ರಾಜಸಭೆ, ದುರ್ಯೋಧನನ ಪ್ರವೇಶ. ಸಿಳ್ಳೆ, ಪಟಾಕಿ, ನೋಟಿನ ಹಾರ. ನಾಟಕ ನಿಲ್ಲಿಸಿ ಸನ್ಮಾನ. ನಂಟರು ಒಬ್ಬೊಬ್ಬರಾಗಿ ಸ್ಟೇಜ್ ಹತ್ತುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ದ್ರೌಪದಿಯ ಸೀರೆಗೆ ಕೈ ಹಾಕುವ ಹೊತ್ತಿಗೆ ರಾತ್ರಿ ಒಂದು ಗಂಟೆ, ಆಗ ಮೈದಾನ ತುಂಬಿರುತ್ತದೆ. ಕೃಷ್ಣ ಸಂಧಾನಕ್ಕೆ ಬಂದು, ಸೂಜಿ ಮೊನೆಯಷ್ಟು ಜಾಗವನ್ನೂ ಕೊಡಲ್ಲ ಅಂತ ದುರ್ಯೋಧನ ತೊಡೆ ತಟ್ಟಿದಾಗ ಒನ್ಸ್ ಮೋರ್.

ಆಮೇಲೆ ಚಳಿ ಜಾಸ್ತಿ ಆಗುತ್ತದೆ. ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಮನೆ ಕಡೆ ಹೋಗುತ್ತಾರೆ, ಬೆಳಗ್ಗೆ ಹಾಲು ಕರೆಯಬೇಕಲ್ಲ. ಅಭಿಮನ್ಯು ಸಾಯುವಾಗ ಅರ್ಧ ಜನ. ಕರ್ಣ ಸಾಯುವಾಗ ಕಾಲು ಭಾಗ. ತಮ್ಮನನ್ನು, ಗೆಳೆಯನನ್ನು, ಹೆತ್ತ ಮಗನನ್ನು ಕಳೆದುಕೊಂಡ ದುರ್ಯೋಧನ ಒಂಟಿಯಾಗಿ ಹೆಣಗಳ ನಡುವೆ ಅಳುವ ಹೊತ್ತಿಗೆ ಪೂರ್ವದಲ್ಲಿ ಬೆಳಕು ಹರಿಯುತ್ತಿರುತ್ತದೆ. ಎದುರಿಗೆ ಖಾಲಿ ಪ್ಲಾಸ್ಟಿಕ್ ಕುರ್ಚಿಗಳು, ಕಂಬಳಿ ಹೊದ್ದ ನಾಲ್ಕು ಅಜ್ಜಂದಿರು, ಬಿಲ್ಲು ಕೊಡಿ ಅಂತ ಕಾದಿರುವ ಲೈಟಿನವನು. "ಬೇಗ ಮುಗ್ಸಿ ಸಾರ್, ಬೆಳಕಾಯ್ತು" ಅಂತ ಸೈಡಿನಿಂದ ಕೂಗು. ಮೇಷ್ಟ್ರು ಎರಡು ಹಾಡು ಕಟ್ ಮಾಡುತ್ತಾರೆ.

ಈಗ ಹೇಳಿ. ದ್ವೇಷಕ್ಕೆ ಒನ್ಸ್ ಮೋರ್ ಕೊಟ್ಟು, ಪ್ರೀತಿಯನ್ನು ಕಟ್ ಮಾಡಿಸಿ ಮನೆಗೆ ಬಂದವರು ಕುರುಕ್ಷೇತ್ರ ದ್ವೇಷದ ನಾಟಕ ಅಂದರೆ ಅದು ನಾಟಕದ ತಪ್ಪಾ? ಅರ್ಧ ಊಟ ಮಾಡಿ ಎದ್ದು ಬಂದು ಪಾಯಸ ಹಾಕಲಿಲ್ಲ ಅಂದ ಹಾಗಾಯಿತು.

ಬಳೆಗಾರರ ಮಗ ರನ್ನ ಏನು ಮಾಡಿದ

ಸಾವಿರ ವರ್ಷದ ಹಿಂದೆ ರನ್ನ ಅನ್ನುವ ಕವಿ ಇದೇ ಕಥೆಯನ್ನು ಎತ್ತಿಕೊಂಡ. ಈಗಿನ ಬಾಗಲಕೋಟೆ ಜಿಲ್ಲೆಯ ಮುಧೋಳದವನು, ಬಳೆಗಾರರ ಮನೆಯ ಮಗ. ಚಾಲುಕ್ಯ ದೊರೆ ಸತ್ಯಾಶ್ರಯನ ಆಸ್ಥಾನಕ್ಕೆ ಸೇರಿ ಬರೆದ ಕಾವ್ಯ ಗದಾಯುದ್ಧ. ಅದಕ್ಕೆ ಇನ್ನೊಂದು ಹೆಸರು ಸಾಹಸಭೀಮ ವಿಜಯ. ಹೆಸರಿನಲ್ಲೇ ಇದೆ ನೋಡಿ, ಅದು ಭೀಮನ ಗೆಲುವಿನ ಕಾವ್ಯ. ದೊರೆಯನ್ನು ಭೀಮನಿಗೆ ಹೋಲಿಸಿ ಹೊಗಳುವುದು ಕವಿಯ ಕೆಲಸ. ಆ ಕೆಲಸ ಅವನು ಮಾಡಿದ್ದಾನೆ. ಆದರೆ ಸಾವಿರ ವರ್ಷದಿಂದ ಜನ ಆ ಕಾವ್ಯವನ್ನು ನೆನಪಿಟ್ಟುಕೊಂಡಿರುವುದು ದುರ್ಯೋಧನನಿಗಾಗಿ.

ಯಾಕೆ? ಅವನು ತೊಡೆ ತಟ್ಟಿದ್ದಕ್ಕಾ? ಅಲ್ಲ. ಸಂಜಯನ ಜೊತೆ ಭೀಷ್ಮರನ್ನು ನೋಡಲು ರಣರಂಗದಲ್ಲಿ ನಡೆದು ಹೋಗುವಾಗ ಅವನು ಒಂದೊಂದು ಹೆಣದ ಮುಂದೆ ನಿಲ್ಲುತ್ತಾನಲ್ಲ, ಅದಕ್ಕೆ.

ದ್ರೋಣರ ಮುಂದೆ ನಿಲ್ಲುತ್ತಾನೆ. ಆಮೇಲೆ ಅಭಿಮನ್ಯು. ಈ ಹುಡುಗ ವೈರಿಯ ಮಗ. ಇವನನ್ನು ಸುತ್ತುಗಟ್ಟಿ ಕೊಂದವರು ದುರ್ಯೋಧನನ ಕಡೆಯವರೇ. ಮಹಾಭಾರತದ ಪ್ರಕಾರ ದುರ್ಯೋಧನನ ಮಗ ಲಕ್ಷ್ಮಣನನ್ನು ಕೊಂದವನೂ ಇದೇ ಅಭಿಮನ್ಯು. ಅಂಥವನ ಹೆಣದ ಮುಂದೆ ದುರ್ಯೋಧನ ಕೈ ಮುಗಿದು, ನಿನ್ನ ಶೌರ್ಯದಲ್ಲಿ ಒಂದು ಪಾಲಾದರೂ ಇರುವ ಸಾವು ನನಗೆ ಬರಲಿ ಅಂತ ಬೇಡಿಕೊಳ್ಳುತ್ತಾನೆ. ಮಗನನ್ನು ಕೊಂದವನಿಗೆ ಕೈ ಮುಗಿಯುವುದು ಅಂದರೆ ಏನು ಅಂತ ಒಂದು ಗಳಿಗೆ ಯೋಚನೆ ಮಾಡಿ.

ಮುಂದೆ ಮಗ ಲಕ್ಷ್ಮಣ. ಅಪ್ಪನಿಗೆ ಮಗ ತರ್ಪಣ ಬಿಡಬೇಕು, ನಿನಗೆ ನಾನು ಬಿಡುವ ಹಾಗಾಯಿತಲ್ಲ ಕಂದ, ಕ್ರಮವನ್ನೇ ತಿರುಗುಮುರುಗು ಮಾಡಿಬಿಟ್ಟೆಯಲ್ಲ ಅಂತ ಅಳುತ್ತಾನೆ. ಆಮೇಲೆ ದುಶ್ಶಾಸನ. ಅಮ್ಮನ ಹಾಲು ಮೊದಲು ಕುಡಿದವನು ನಾನು, ಆಮೇಲೆ ನೀನು. ಎಲ್ಲದರಲ್ಲೂ ನನ್ನ ಹಿಂದೆ ಇದ್ದವನು ಸಾಯುವುದರಲ್ಲಿ ಮಾತ್ರ ಮುಂದೆ ಹೋದೆಯಲ್ಲ ಅನ್ನುತ್ತಾನೆ.

ಕೊನೆಗೆ ಕರ್ಣ. ರನ್ನನ ದುರ್ಯೋಧನನಿಗೆ ಕರ್ಣ ಕುಂತಿಯ ಮಗ ಅಂತ ಗೊತ್ತು. ಗೆಳೆಯ ತನ್ನ ವೈರಿಗಳ ಒಡಹುಟ್ಟಿದವನು ಅಂತ ಗೊತ್ತಿದ್ದೂ ಅವನ ಹೆಣದ ಮುಂದೆ ಕುಸಿಯುತ್ತಾನೆ. ದ್ವೇಷವೇ ದುರ್ಯೋಧನನ ಉಸಿರಾಗಿದ್ದರೆ ಅವನು ಕರ್ಣನನ್ನು ದ್ವೇಷಿಸಬೇಕಿತ್ತು. ಆ ಕೆಲಸ ಅವನ ಕೈಲಿ ಆಗಲಿಲ್ಲ.

ಹತ್ತನೇ ಕ್ಲಾಸ್ ಓದಿದವರಿಗೆ ನೆನಪಿರಬಹುದು, ಕನ್ನಡ ಪುಸ್ತಕದಲ್ಲಿ ಗದಾಯುದ್ಧದಿಂದ ಆಯ್ದ 'ಛಲಮನೆ ಮೆರೆವೆಂ' ಅಂತ ಒಂದು ಪದ್ಯಭಾಗ ಇತ್ತು. ಅದೇ ಕಾವ್ಯದ 'ದುರ್ಯೋಧನ ವಿಲಾಪ' ಇದ್ದದ್ದು ಪಿಯುಸಿ ಮೊದಲ ವರ್ಷದಲ್ಲಿ. ಅಂದರೆ ಎಸ್ಸೆಸ್ಸೆಲ್ಸಿಗೆ ಓದು ಬಿಟ್ಟವರಿಗೆ ಛಲ ಸಿಕ್ಕಿತು, ಅಳು ಸಿಗಲಿಲ್ಲ. ನಮ್ಮ ನಾಟಕದ ಮೈದಾನದಲ್ಲಿ ಆಗುವುದೂ ಅದೇ. ಮಧ್ಯರಾತ್ರಿಗೆ ಎದ್ದು ಹೋದವರು ಹತ್ತನೇ ಕ್ಲಾಸಿಗೆ ಓದು ಬಿಟ್ಟ ಹಾಗೆ.

ನೆಲಕ್ಕೂ ಛಲಕ್ಕೂ ನಡುವೆ

ಆ ಛಲದ ಪದ್ಯವನ್ನೇ ಸರಿಯಾಗಿ ಓದಿದವರು ಎಷ್ಟು ಜನ? ಪಾಂಡವರ ಜೊತೆ ಸಂಧಿ ಮಾಡಿಕೋ ಅನ್ನುವ ಭೀಷ್ಮರಿಗೆ ದುರ್ಯೋಧನ ಕೊಡುವ ಉತ್ತರ ಅದು. ನಾನು ನೆಲಕ್ಕಾಗಿ ಹೊಡೆದಾಡುತ್ತಿಲ್ಲ, ಛಲಕ್ಕಾಗಿ ಅನ್ನುತ್ತಾನೆ. ಅಲ್ಲಿಯವರೆಗೆ ಎಲ್ಲರಿಗೂ ಗೊತ್ತು. ಅದರ ಮುಂದಿನ ಮಾತು ಯಾರಿಗೂ ಬೇಡ. ಕರ್ಣನನ್ನು ಕೊಲ್ಲಿಸಿದ ಈ ನೆಲ ನನಗೆ ಪಾಳು ನೆಲ, ಇದರ ಜೊತೆ ನಾನು ಮತ್ತೆ ಬಾಳುವುದುಂಟೇ ಅಂತ ಕೇಳುತ್ತಾನೆ.

ಸೂಜಿ ಮೊನೆಯಷ್ಟೂ ಕೊಡಲ್ಲ ಅಂದಿದ್ದ ಅದೇ ನೆಲ. ಗೆಳೆಯ ಹೋದ ಮೇಲೆ ಅದೇ ನೆಲ ಪಾಳು.

ನಮ್ಮ ತಾಲ್ಲೂಕಿನವರಿಗೆ ಈ ಪದ್ಯಕ್ಕೆ ಅರ್ಥ ಹೇಳಿಕೊಡಬೇಕಾ? ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ದೊಡ್ಡಬಳ್ಳಾಪುರದ ಜಮೀನಿನ ರೇಟು ಏನಾಯಿತು ಅಂತ ಎಲ್ಲರೂ ನೋಡಿದ್ದೇವೆ. ರಾಗಿ ಬೆಳೆಯುತ್ತಿದ್ದಾಗ ಅಣ್ಣ ತಮ್ಮಂದಿರ ನಡುವೆ ಒಂದು ಮೊಳ ಬದು ಆಚೀಚೆ ಆದರೆ ಕೂಗಾಡಿ ಸಂಜೆಗೆ ಸರಿ ಹೋಗುತ್ತಿದ್ದರು. ಈಗ ಅದೇ ಒಂದು ಮೊಳಕ್ಕೆ ಸರ್ವೆ, ಪೋಡಿ, ತಡೆಯಾಜ್ಞೆ. ವಿಭಾಗದ ದಾವೆ ಹಾಕಿದ ಅಪ್ಪ ತೀರಿಕೊಂಡು, ಮಗ ವಾಯಿದೆಗೆ ಅಲೆಯುತ್ತಿರುವ ಮನೆಗಳು ಪ್ರತಿ ಊರಲ್ಲೂ ಇವೆ. ಒಂದೇ ತೊಟ್ಟಿಯ ನೀರು ಕುಡಿದು ಬೆಳೆದವರು ಇವತ್ತು ಒಬ್ಬರ ಮನೆಯ ಸಾವಿಗೆ ಇನ್ನೊಬ್ಬರು ಹೋಗುವುದಿಲ್ಲ. ಹೆಣ ಎದುರಿಗೆ ಹೋದರೂ ಬಾಗಿಲು ಹಾಕಿಕೊಳ್ಳುತ್ತಾರೆ.

ಇಂಥ ಮನೆಗಳ ಹುಡುಗರ ಮೊಬೈಲ್ ಸ್ಟೇಟಸ್ ನೋಡಿ. ದುರ್ಯೋಧನನ ಫೋಟೋ, ಹಿಂದೆ ಬೆಂಕಿ, ಕೆಳಗೆ ಛಲದ ಡೈಲಾಗು. 2019ರಲ್ಲಿ ಕುರುಕ್ಷೇತ್ರ ಸಿನಿಮಾ ಬಂದ ಮೇಲಂತೂ ಹೇಳುವ ಹಾಗೇ ಇಲ್ಲ. ಆ ಸ್ಟೇಟಸ್ ಯಾರು ನೋಡಲಿ ಅಂತ ಹಾಕಿರುತ್ತಾರೆ? ಪಕ್ಕದ ಮನೆಯ ಚಿಕ್ಕಪ್ಪನ ಮಗ ನೋಡಲಿ ಅಂತ. ಹೆಣಗಳ ಮುಂದೆ ಕೂತು ಅಳುವ ದುರ್ಯೋಧನನನ್ನು ಸ್ಟೇಟಸ್‌ಗೆ ಹಾಕಿದ ಒಬ್ಬನನ್ನೂ ನಾನು ಕಂಡಿಲ್ಲ.

ದುರಂತ ನಾಟಕ ಅಂದರೆ

1926ರಲ್ಲಿ ಬಿ.ಎಂ. ಶ್ರೀಕಂಠಯ್ಯನವರು, ನಾವೆಲ್ಲ ಬಿಎಂಶ್ರೀ ಅನ್ನುವವರು, ರನ್ನನ ಕಾವ್ಯವನ್ನು 'ಗದಾಯುದ್ಧ ನಾಟಕಂ' ಮಾಡಿದರು. ನಮ್ಮ ಪಕ್ಕದ ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ ಹುಟ್ಟಿದವರು ಅವರು. ಇಂಗ್ಲಿಷ್ ಮೇಷ್ಟ್ರಾಗಿ ಗ್ರೀಕರ ದುರಂತ ನಾಟಕಗಳನ್ನು ಚೆನ್ನಾಗಿ ಬಲ್ಲವರು. ಅಂಥ ನಾಟಕ ಕನ್ನಡಕ್ಕೂ ಬೇಕು ಅನ್ನಿಸಿದಾಗ ಅವರ ಕೈ ಹೋದದ್ದು ರನ್ನನ ದುರ್ಯೋಧನನ ಕಡೆಗೆ. ಮಂಗಳ ಹಾಡಿ ಮುಗಿಸುವುದಕ್ಕೆ ಒಗ್ಗಿದ್ದ ನಮ್ಮ ರಂಗದ ಮೇಲೆ, ಸೋತು ಸಾಯುವವನನ್ನು ನಡುಮಧ್ಯೆ ನಿಲ್ಲಿಸಿದರು.

ದುರಂತ ನಾಟಕದಲ್ಲಿ ನಾಯಕ ಕೆಟ್ಟವನಾಗಿದ್ದರೆ ಅವನ ಸಾವಿಗೆ ನಾವು ಸಮಾಧಾನ ಪಡುತ್ತೇವೆ, ಅಷ್ಟೇ. ಪೂರಾ ಒಳ್ಳೆಯವನಾಗಿದ್ದರೆ ಸಿಟ್ಟು ಬರುತ್ತದೆ. ದೊಡ್ಡ ಗುಣ ಇರುವವನು ತನ್ನದೇ ಒಂದು ಕುರುಡಿನಿಂದ ಎಲ್ಲರನ್ನೂ ಕಳೆದುಕೊಂಡಾಗ ಎದೆ ಹಿಂಡುತ್ತದೆ. ದುರ್ಯೋಧನನ ದೊಡ್ಡ ಗುಣ ಪ್ರೀತಿ. ಅವನ ಕುರುಡು, ಆ ಪ್ರೀತಿ ತನ್ನ ಮನೆಯ ಬದು ದಾಟದೇ ಹೋದದ್ದು. ತಮ್ಮನನ್ನು ಪ್ರೀತಿಸಿದ, ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳಾದವರನ್ನು ಪ್ರೀತಿಸಲಿಲ್ಲ. ಗೆಳೆಯನ ಮಾನ ಉಳಿಸಿದ, ಅತ್ತಿಗೆಯ ಮಾನ ಕಳೆಯಲು ಹೇಳಿದ. ಆ ಪ್ರೀತಿ ಒಂದೇ ಒಂದು ಸಲ ಬದು ದಾಟಿ ವೈರಿಯ ಮಗನವರೆಗೆ ಹೋಯಿತು. ಆಗ ಆ ಹುಡುಗ ಹೆಣವಾಗಿದ್ದ. ಇದು ಕುರುಕ್ಷೇತ್ರದ ದುರಂತ. ದ್ವೇಷ ಇದ್ದದ್ದಕ್ಕಿಂತ, ಪ್ರೀತಿ ತಡವಾಗಿ ಬಂದದ್ದು.

"ದ್ವೇಷ ಇಲ್ದೆ ನಾಟಕ ಎಲ್ಲೈತೆ ಸಾರ್?"

ಈ ಪ್ರಶ್ನೆ ನನಗೆ ಸಾಕಷ್ಟು ಸಲ ಎದುರಾಗಿದೆ. ದ್ವೇಷ ಇಲ್ಲದಿದ್ದರೆ ಯುದ್ಧ ಇಲ್ಲ, ಯುದ್ಧ ಇಲ್ಲದಿದ್ದರೆ ಕಥೆ ಇಲ್ಲ ಅನ್ನುತ್ತಾರೆ. ಒಪ್ಪಿದೆ. ಬೆಂಕಿ ಇಲ್ಲದೆ ಅಡುಗೆ ಆಗುವುದಿಲ್ಲ. ಹಾಗಂತ ಯಾರೂ ತಟ್ಟೆಗೆ ಕೆಂಡ ಬಡಿಸುವುದಿಲ್ಲ.

ದೂರದ ಒಂದು ನಾಟಕ ನೋಡಿ. ಶೇಕ್ಸ್‌ಪಿಯರ್ ಬರೆದ ರೋಮಿಯೋ ಜೂಲಿಯೆಟ್. ಇದು ಕನ್ನಡಕ್ಕೆ 1889ರಷ್ಟು ಹಿಂದೆಯೇ 'ರಾಮವರ್ಮ ಲೀಲಾವತಿ' ಅನ್ನುವ ಹೆಸರಲ್ಲಿ ಬಂತು. ಎರಡು ದೊಡ್ಡ ಮನೆತನಗಳಿಗೆ ಹಳೇ ವೈರ. ಆಳುಗಳೂ ಬೀದಿಯಲ್ಲಿ ಕತ್ತಿ ಹಿಡಿದು ಜಗಳ ಆಡುತ್ತಾರೆ. ಯಾಕೆ ವೈರ ಅಂತ ಇಡೀ ನಾಟಕದಲ್ಲಿ ಎಲ್ಲೂ ಹೇಳುವುದಿಲ್ಲ. ಹೇಳುವ ಅಗತ್ಯ ನಾಟಕಕಾರನಿಗೆ ಕಾಣಲಿಲ್ಲ, ಯಾಕಂದರೆ ದ್ವೇಷಕ್ಕೆ ಕಾರಣ ಬೇಕಾಗಿಲ್ಲ, ಅಭ್ಯಾಸ ಸಾಕು. ನಮ್ಮಲ್ಲೂ ಕೇಳಿ ನೋಡಿ, ಮೂರು ತಲೆಮಾರಿನಿಂದ ಮಾತು ಬಿಟ್ಟಿರುವ ಮನೆಗಳಲ್ಲಿ ಜಗಳ ಯಾಕೆ ಶುರುವಾಯಿತು ಅಂತ ಎಷ್ಟು ಜನಕ್ಕೆ ಗೊತ್ತು?

ಆ ನಾಟಕದ ಕೊನೆಯಲ್ಲಿ ಎರಡೂ ಮನೆಯ ಮಕ್ಕಳು ಸತ್ತ ಮೇಲೆ ಅಪ್ಪಂದಿರು ಕೈ ಕುಲುಕುತ್ತಾರೆ. ನಿನ್ನ ಮಗಳಿಗೆ ನಾನು ಚಿನ್ನದ ಪ್ರತಿಮೆ ಮಾಡಿಸುತ್ತೇನೆ, ನಿನ್ನ ಮಗನಿಗೆ ನಾನು ಮಾಡಿಸುತ್ತೇನೆ ಅನ್ನುತ್ತಾರೆ. ಬದುಕಿದ್ದಾಗ ಒಂದು ಮಾತು ಕೊಡದವರು ಸತ್ತ ಮೇಲೆ ಚಿನ್ನ ಕೊಡುತ್ತಾರೆ. ಜಾತಿ ಬೇರೆ ಅಂತ ಮಕ್ಕಳ ಮದುವೆಗೆ ಅಡ್ಡ ನಿಂತು, ಆಮೇಲೆ ಫೋಟೋಗೆ ಹಾರ ಹಾಕಿ ಕೂತ ಅಪ್ಪಂದಿರ ಸುದ್ದಿ ಈ ನಾಡಿನ ಪೇಪರುಗಳಿಗೆ ಹೊಸದಲ್ಲ. ಆ ಹುಡುಗ ಹುಡುಗಿ ಪ್ರೀತಿಸಿದ್ದಕ್ಕೆ ಸತ್ತರು ಅಂತ ಬರೆಯುತ್ತೇವೆ. ಪ್ರೀತಿಯಿಂದ ಯಾರೂ ಸಾಯುವುದಿಲ್ಲ. ಸುತ್ತ ಇರುವವರ ದ್ವೇಷದಿಂದ ಸಾಯುತ್ತಾರೆ. 'ಪ್ರೇಮ ಪ್ರಕರಣ, ಇಬ್ಬರ ಸಾವು' ಅಂತ ಹೆಡ್ಡಿಂಗ್ ಕೊಡುವ ನಮ್ಮ ಪತ್ರಕರ್ತರ ಜಾತಿಗೂ ಈ ಮಾತು ಅನ್ವಯಿಸುತ್ತದೆ.

ಇನ್ನೊಂದು ಗಟ್ಟಿ ವಾದ

ಸ್ವಲ್ಪ ಓದಿಕೊಂಡವರು ಬೇರೆ ವಾದ ತರುತ್ತಾರೆ. ಕುರುಕ್ಷೇತ್ರ ಆದದ್ದೇ ಪ್ರೀತಿಯಿಂದ ಅಲ್ಲವಾ ಅಂತ. ಧೃತರಾಷ್ಟ್ರನಿಗೆ ಮಗನ ಮೇಲೆ ಪ್ರೀತಿ ಇಲ್ಲದಿದ್ದರೆ ಜೂಜು ನಿಲ್ಲಿಸುತ್ತಿದ್ದ. ಕರ್ಣನಿಗೆ ದುರ್ಯೋಧನನ ಮೇಲೆ ಪ್ರೀತಿ ಇಲ್ಲದಿದ್ದರೆ ತಮ್ಮಂದಿರ ಕಡೆ ಹೋಗುತ್ತಿದ್ದ, ಕರ್ಣ ಇಲ್ಲದೆ ದುರ್ಯೋಧನ ಯುದ್ಧಕ್ಕೆ ಧೈರ್ಯ ಮಾಡುತ್ತಿರಲಿಲ್ಲ. ಹಾಗಾದರೆ ಪ್ರೀತಿಯೇ ಅಪರಾಧಿ ಅಲ್ಲವಾ?

ಇದು ಉಡಾಫೆಯ ವಾದ ಅಲ್ಲ, ಉತ್ತರ ಕೊಡಬೇಕಾದ ವಾದ. ನನ್ನ ಉತ್ತರ ಇದು. ಧೃತರಾಷ್ಟ್ರನದು, ಕರ್ಣನದು ಪ್ರೀತಿಯೇ. ಆದರೆ ಅದು ಬೇಡ ಅಂತ ಹೇಳಲು ಬಾಯಿ ಬಾರದ ಪ್ರೀತಿ. ಅಂಥ ಪ್ರೀತಿಯನ್ನು ದ್ವೇಷ ಕೂಲಿಗೆ ಇಟ್ಟುಕೊಳ್ಳುತ್ತದೆ. ವಿದುರನೂ ಆ ಮನೆಯನ್ನು ಪ್ರೀತಿಸಿದವನೇ, ಆದರೆ ಸಭೆಯಲ್ಲಿ ಎದ್ದು ನಿಂತು ಇದು ತಪ್ಪು ಅಂದ. ಅವನ ಮಾತು ಕೇಳಿದ್ದರೆ ಆ ನೂರು ಹೆಣ ಬೀಳುತ್ತಿರಲಿಲ್ಲ. ಹಾಗಾಗಿ ಪ್ರೀತಿ ಜಾಸ್ತಿ ಆದದ್ದರಿಂದ ಯುದ್ಧ ಆಗಲಿಲ್ಲ. ಪ್ರೀತಿಗೆ ಧೈರ್ಯ ಕಡಿಮೆ ಆದದ್ದರಿಂದ ಆಯಿತು.

ಬಾಯಿ ಬಾರದ ಪ್ರೀತಿ ಹೇಗಿರುತ್ತದೆ ಅಂತ ನೋಡಬೇಕಾದರೆ ನಮ್ಮ ಹೆಣ್ಣುಮಕ್ಕಳನ್ನು ನೋಡಿ. 2005ರ ತಿದ್ದುಪಡಿಯಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟಿತು. ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ಅಪ್ಪ ಬದುಕಿರಬೇಕು ಅಂತಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿತು. ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಕೂತು, ಅಣ್ಣ ತೋರಿಸಿದ ಜಾಗದಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಅಕ್ಕತಂಗಿಯರು ಇದ್ದಾರೆ. ಯಾಕಮ್ಮಾ ಅಂದರೆ, "ತವ್ರು ಮನೆ ಬಾಗ್ಲು ಮುಚ್ಬಾರ್ದು ಕಣಣ್ಣ" ಅನ್ನುತ್ತಾರೆ. ಪ್ರೀತಿ ಅವಳದು, ಲಾಭ ಇನ್ನೊಬ್ಬರದು. ಅವಳು ಪಾಲು ಕೇಳಿದ ದಿನ ಅವಳನ್ನು ಮನೆಹಾಳಿ ಅನ್ನುತ್ತಾರೆ. ನಿಜವಾಗಿ ಮನೆ ಹಾಳು ಮಾಡಿದವರು ಪ್ರೀತಿಗೂ ಪಾಲಿಗೂ ನಡುವೆ ಒಂದನ್ನು ಆರಿಸಿಕೋ ಅಂದವರು.

ನೂರು ಜನ ಕೌರವರಿಗೆ ದುಶ್ಶಲೆ ಅಂತ ಒಬ್ಬಳೇ ತಂಗಿ. ಯುದ್ಧದಲ್ಲಿ ಗಂಡ ಸೈಂಧವನನ್ನೂ ಕಳೆದುಕೊಂಡಳು, ನೂರು ಅಣ್ಣಂದಿರನ್ನೂ ಕಳೆದುಕೊಂಡಳು. ನಾನು ನೋಡಿದ ಯಾವ ಕುರುಕ್ಷೇತ್ರದಲ್ಲೂ ಅವಳಿಗೆ ಒಂದು ಮಾತಿಲ್ಲ.

ಹಾಗಾದರೆ ದ್ರೌಪದಿ ಎಲ್ಲ ಮರೆತುಬಿಡಬೇಕಾ?

ಇಲ್ಲ. ಇಲ್ಲಿ ಯಾರೂ ನನ್ನ ಮಾತನ್ನು ತಿರುಚಬೇಡಿ. ಅನ್ಯಾಯಕ್ಕೆ ಒಳಗಾದವರು ನ್ಯಾಯ ಕೇಳುವುದು ದ್ವೇಷ ಅಲ್ಲ. ತುಂಬಿದ ಸಭೆಯಲ್ಲಿ ದ್ರೌಪದಿ ಹಿರಿಯರನ್ನು ಪ್ರಶ್ನೆ ಕೇಳಿದ್ದು ಆ ನಾಟಕದ ಅತಿ ನೇರ ಮಾತು. ದುರ್ಯೋಧನ ಅತ್ತ ಮಾತ್ರಕ್ಕೆ ಅವನು ಮಾಡಿದ್ದು ಸರಿ ಆಗುವುದಿಲ್ಲ. ಅವನ ಅಳು ನೋಡಿ ಅಂತ ನಾನು ಹೇಳುತ್ತಿರುವುದು ಅವನನ್ನು ಬಿಟ್ಟುಬಿಡಿ ಅಂತಲ್ಲ. ಅವನು ಕಟ್ಟಿದ ಬೆಲೆ ನೋಡಿ ಅಂತ.

ಛಲವನ್ನೂ ದ್ವೇಷವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 13 ಹಳ್ಳಿಗಳ 1,777 ಎಕರೆ ಜಮೀನನ್ನು ಕೈಗಾರಿಕೆಗೆ ತೆಗೆದುಕೊಳ್ಳುತ್ತೇವೆ ಅಂದಾಗ ರೈತರು 2022ರಿಂದ ಸಾವಿರಕ್ಕೂ ಹೆಚ್ಚು ದಿನ ಧರಣಿ ಕೂತರು. 2025ರ ಜುಲೈನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಆ ಭೂಸ್ವಾಧೀನ ಕೈಬಿಟ್ಟೆವು ಅಂತ ಹೇಳಬೇಕಾಯಿತು. ಇದಕ್ಕಿಂತ ದೊಡ್ಡ ಛಲ ಬೇಕಾ? ಅವರು ಯಾರ ತೊಡೆಯನ್ನೂ ಮುರಿಯಲಿಲ್ಲ. ಅವರನ್ನು ಕೂಡಿಸಿದ್ದು ಆ ನೆಲದ ಮೇಲಿನ ಪ್ರೀತಿ. ಒಂದೇ ಬದುವಿಗೆ ಅಣ್ಣ ತಮ್ಮ ಹೊಡೆದಾಡುವುದಕ್ಕೂ, 13 ಊರು ಒಟ್ಟಿಗೆ ನಿಲ್ಲುವುದಕ್ಕೂ ನಾವು ಛಲ ಅನ್ನುವ ಒಂದೇ ಪದ ಬಳಸುತ್ತೇವೆ. ಎರಡಕ್ಕೂ ಆಕಾಶ ಭೂಮಿಯ ಅಂತರ ಇದೆ.

ಸಾಯುವ ದುರ್ಯೋಧನ ಏನು ಹೇಳಬೇಕು?

ಭಾಸ ಅನ್ನುವ ಹಳೆಯ ಸಂಸ್ಕೃತ ನಾಟಕಕಾರ 'ಊರುಭಂಗ' ಅಂತ ಒಂದು ಚಿಕ್ಕ ನಾಟಕ ಬರೆದಿದ್ದಾನೆ. ಸುಮಾರು ನೂರು ವರ್ಷದ ಹಿಂದೆ ಕೇರಳದ ಓಲೆಗರಿಗಳಲ್ಲಿ ಸಿಕ್ಕಿ ಅಚ್ಚಾದ ನಾಟಕಗಳಲ್ಲಿ ಅದೂ ಒಂದು. ತೊಡೆ ಮುರಿದು ಬಿದ್ದ ದುರ್ಯೋಧನನ ಹತ್ತಿರ ಅವನ ಪುಟ್ಟ ಮಗ ದುರ್ಜಯ ಓಡಿ ಬರುತ್ತಾನೆ. ದಿನಾ ಕೂತ ಹಾಗೆ ಅಪ್ಪನ ತೊಡೆ ಮೇಲೆ ಕೂರಬೇಕು ಅನ್ನುತ್ತಾನೆ. ಕೂರಿಸಿಕೊಳ್ಳಲು ಅಪ್ಪನಿಗೆ ತೊಡೆ ಇಲ್ಲ. ಇಡೀ ಯುದ್ಧದ ನಷ್ಟ ಅಷ್ಟರಲ್ಲೇ ಇದೆ.

ಆ ದುರ್ಯೋಧನ ಮಗನಿಗೆ ಸೇಡು ತೀರಿಸಿಕೋ ಅನ್ನುವುದಿಲ್ಲ. ಪಾಂಡವರನ್ನು ನನ್ನ ಹಾಗೇ ನೋಡಿಕೋ, ಕುಂತಿಯ ಮಾತು ಕೇಳು ಅನ್ನುತ್ತಾನೆ. ಸೇಡಿಗೆ ಹೊರಟ ಅಶ್ವತ್ಥಾಮನಿಗೂ ಬೇಡ ಅನ್ನುತ್ತಾನೆ. ಅಶ್ವತ್ಥಾಮ ಕೇಳುವುದಿಲ್ಲ. ಆ ರಾತ್ರಿ ಮಲಗಿದ್ದ ಮಕ್ಕಳ ಕೊಲೆ ಆಗುತ್ತದೆ ಅನ್ನುವುದು ನಮಗೆಲ್ಲ ಗೊತ್ತಿರುವ ಕಥೆ. ದ್ವೇಷ ಹಚ್ಚಿದವನು ಬೇಡ ಅಂದರೂ ದ್ವೇಷ ನಿಲ್ಲುವುದಿಲ್ಲ. ಅದು ಬೇರೆಯವರ ಕೈಗೆ ದಾಟಿರುತ್ತದೆ. ಅಪ್ಪ ಹಾಕಿದ ದಾವೆಯನ್ನು ಮಗ ನಡೆಸುವ ಹಾಗೆ.

ನಮ್ಮ ಊರುಗಳ ಎಷ್ಟೋ ನಾಟಕಗಳಲ್ಲಿ ಅಶ್ವತ್ಥಾಮ ತಲೆಗಳನ್ನು ತಂದು ತೋರಿಸುತ್ತಾನೆ, ಅವು ಪಾಂಡವರ ತಲೆಗಳಲ್ಲ, ಅವರ ಮಕ್ಕಳವು ಅಂತ ಗೊತ್ತಾಗಿ ದುರ್ಯೋಧನ ನಮ್ಮ ವಂಶ ಅಳಿಯಿತಲ್ಲ ಅಂತ ಅಳುತ್ತಾನೆ. ನಮ್ಮ ವಂಶ ಅನ್ನುತ್ತಾನೆ ನೋಡಿ. ಜೀವನ ಪೂರ್ತಿ ನಾವು ಬೇರೆ ಅವರು ಬೇರೆ ಅಂದವನ ಬಾಯಲ್ಲಿ ಕೊನೇ ಗಳಿಗೆಯಲ್ಲಿ ಬರುವ ಮಾತು. ಆ ಮಾತು ಕೇಳಿಸಿಕೊಳ್ಳಲು ಮೈದಾನದಲ್ಲಿ ಜನ ಇರುವುದಿಲ್ಲ.

ನಾನು ಕೇಳುವುದು ಇಷ್ಟೇ

ನಾಟಕದ ಕಮಿಟಿಯವರೇ, ಎಂಟು ಗಂಟೆ ಅಂತ ಹಾಕಿದ ಮೇಲೆ ಎಂಟಕ್ಕೆ ಶುರು ಮಾಡಿ. ಸನ್ಮಾನ, ಹಾರ, ಫೋಟೋ ಎಲ್ಲ ಪರದೆ ಏಳುವ ಮೊದಲು ಮುಗಿಸಿ, ಆಗದಿದ್ದರೆ ಬೆಳಗ್ಗೆಗೆ ಇಟ್ಟುಕೊಳ್ಳಿ. ಮೇಷ್ಟ್ರೇ, ಕಟ್ ಮಾಡಲೇಬೇಕು ಅಂದರೆ ಸಭೆಯ ದರ್ಪದಲ್ಲಿ ಎರಡು ಹಾಡು ಕಟ್ ಮಾಡಿ, ವಿಲಾಪದಲ್ಲಿ ಬೇಡ. ಕೊನೇ ದುರ್ಯೋಧನನ ಪಾತ್ರವನ್ನು ದುಡ್ಡು ಕಡಿಮೆ ಕೊಟ್ಟವರಿಗೆ ಅಂತ ಬಿಡಬೇಡಿ, ನಿಮ್ಮ ತಂಡದಲ್ಲಿ ಚೆನ್ನಾಗಿ ಹಾಡುವವರಿಗೆ ಕೊಡಿ.

ಮೈಕ್ ಹಿಡಿಯುವ ಲೀಡರ್‌ಗಳೇ, ಛಲದ ಬಗ್ಗೆ ಭಾಷಣ ಮಾಡಿದ ದಿನ ಬೆಳಗಿನ ಜಾವದವರೆಗೂ ಕೂತಿರಿ. ಯಾರನ್ನು ಹೊಗಳಿದಿರೋ ಅವನ ಗತಿ ನೋಡಿಕೊಂಡೇ ಕಾರು ಹತ್ತಿ.

ಹುಡುಗರೇ, ಸ್ಟೇಟಸ್‌ಗೆ ದುರ್ಯೋಧನನೇ ಬೇಕು ಅಂದರೆ ಹಾಕಿಕೊಳ್ಳಿ. ಆದರೆ ಪೂರ್ತಿ ದುರ್ಯೋಧನನನ್ನು ಹಾಕಿ. ತೊಡೆ ತಟ್ಟಿದವನನ್ನೂ, ಅದೇ ತೊಡೆ ಮುರಿದುಕೊಂಡು ಮಗನನ್ನು ಕೂರಿಸಿಕೊಳ್ಳಲಾಗದೆ ಅತ್ತವನನ್ನೂ.

ಇನ್ನು ನಾವು, ನೋಡುವವರು. ಈ ವರ್ಷ ಜಾತ್ರೆ ನಾಟಕಕ್ಕೆ ಹೋದಾಗ ಒಂದು ಕಂಬಳಿ ಜಾಸ್ತಿ ತಗೊಂಡು ಹೋಗೋಣ. ಮಾತು ಬಿಟ್ಟಿರುವ ಅಣ್ಣನೋ ತಮ್ಮನೋ ಅದೇ ಮೈದಾನದಲ್ಲಿ ಎಲ್ಲೋ ಕೂತಿರುತ್ತಾನೆ, ಯಾಕಂದರೆ ಊರಿಗೆ ಇರುವುದು ಒಂದೇ ನಾಟಕ. ಮಾತಾಡಿ ಅಂತ ನಾನು ಹೇಳುವುದಿಲ್ಲ, ಅದು ನಿಮ್ಮಿಷ್ಟ. ದುಶ್ಶಾಸನನ ಹೆಣದ ಮುಂದೆ ದುರ್ಯೋಧನ ಅಳುವವರೆಗೆ ಇಬ್ಬರೂ ಕೂತಿರಿ ಅಂತ ಮಾತ್ರ ಹೇಳುತ್ತೇನೆ. ಆಮೇಲೂ ವಾಯಿದೆಗೆ ಹೋಗಬೇಕು ಅನ್ನಿಸಿದರೆ ಹೋಗಿ. ಬಸ್ಸು ಎಂಟು ಗಂಟೆಗೆ ಇದೆ.